ಕೆಂಪು ಅಂಚಿನ ಕಪ್

ನಾರ್ವೆಯಲ್ಲಿ ಎಲ್ಲ ಕಡೆಯೂ ಜಂಬ ಕೊಚ್ಚುವುದು ಕೆಟ್ಟ ಚಾಳಿಯೇ. ನಮ್ಮ ಲಾಂಗ್‌ವಿಕ್‌ನಲ್ಲಿ ಮಾತ್ರ ಅದು ಕಳ್ಳತನಕ್ಕಿಂತ ಒಂದು ಕೈ ಮೇಲು. ಕಳ್ಳನಿಗೆ ಪಾಪ ಏನು ಕಷ್ಟವಿತ್ತೋ ಎನ್ನುತ್ತಾರೆ; ಜಂಬದವನಿಗೆ ಕ್ಷಮೆ ಎಂಬುದೇ ಇಲ್ಲ. ಬಿರುಗಾಳಿಯಲ್ಲಿ ಸಮುದ್ರಕ್ಕೆ ಹಾರಿ ಹತ್ತು ಜನರನ್ನು ಉಳಿಸಿ ಬಂದವನೂ "ಹೂಂ, ಸ್ವಲ್ಪ ಒದ್ದೆಯಾಯ್ತು" ಅನ್ನಬೇಕು. ಅದಕ್ಕಿಂತ ಹೆಚ್ಚು ಹೇಳಿದರೆ ಆ ಹತ್ತು ಜನರೇ ಅವನ ಜೊತೆ ಮಾತು ಬಿಡುತ್ತಾರೆ.

ಇಂಥ ಊರಿನಲ್ಲಿ ಯಾರು ಏನು ಸಾಧಿಸಿದ್ದಾರೆ ಎಂದು ತಿಳಿಯುವುದು ಹೇಗೆ? ಕಪ್ ನೋಡಬೇಕು. ಪಟ್ಟಣದ ಚಾರಣ ಸಂಘದವರು ನಮ್ಮ ಸೀಮೆಯ ಮೂವತ್ತು ಬೆಟ್ಟಗಳನ್ನು ಆರಿಸಿ, ಪ್ರತಿಯೊಂದರ ತುದಿಯಲ್ಲೂ ಒಂದು ತಗಡಿನ ಪೆಟ್ಟಿಗೆ, ಅದರೊಳಗೆ ಒಂದು ಪುಸ್ತಕ ಇಟ್ಟಿದ್ದಾರೆ. ಹತ್ತಿದವರು ಹೆಸರು ಬರೆದು ಬರುತ್ತಾರೆ. ಹತ್ತು ಬೆಟ್ಟ ಮುಗಿಸಿದವರಿಗೆ ಬಿಳಿ ಪಿಂಗಾಣಿಯ ಕಪ್ ಅಂಚೆಯಲ್ಲಿ ಬರುತ್ತದೆ. ಮೂವತ್ತನ್ನೂ ಮುಗಿಸಿದವರಿಗೆ ಕೆಂಪು ಅಂಚಿನ ಕಪ್. ಬಂದವರು ಅದರ ಬಗ್ಗೆ ಬಾಯಿ ಬಿಡುವುದಿಲ್ಲ. ಅದರಲ್ಲಿ ಕಾಫಿ ಕುಡಿಯುತ್ತಾರೆ, ಅಷ್ಟೆ; ಬೀದಿಯ ಕಡೆಯ ಕಿಟಕಿಯ ಪಕ್ಕ ಕೂತು ಕುಡಿಯುತ್ತಾರೆ. ಬಿಳಿ ಕಪ್ ಮನೆಮನೆಯಲ್ಲೂ ಉಂಟು. ಕೆಂಪು ಅಂಚಿನದು ಊರಿನಲ್ಲಿ ಮೂವರಿಗೆ ಮಾತ್ರ ಬಂದಿದೆ ಎಂದು ಎಲ್ಲರ ಲೆಕ್ಕ. ಒಬ್ಬ ತೀರಿಹೋಗಿದ್ದ. ಇನ್ನೊಬ್ಬ ನಿವೃತ್ತ ಮೇಷ್ಟ್ರು ಸಿಗ್‌ವಾಲ್ಡ್, ಮಂಡಿ ಹೋಗಿತ್ತು. ಮೂರನೆಯವಳು ಮಹಿಳಾ ಚಾರಣ ತಂಡದ ನಾಯಕಿ ರಾಂಗ್ನ್‌ಫ್ರಿಡ್.

ನನ್ನ ಹೆಸರು ತೋರ್ಲೈವ್. ಕಡಲತೋಳಿನ ಈ ದಡದಿಂದ ಆ ದಡಕ್ಕೆ ಕಾರು ದಾಟಿಸುವ ಫೆರಿಯಲ್ಲಿ ಇಪ್ಪತ್ತಾರು ವರ್ಷದಿಂದ ಕೆಲಸ. ಕೈ ಆಡಿಸಿ ಕಾರುಗಳನ್ನು ಒಳಗೆ ಬಿಡುತ್ತೇನೆ, ಹದಿನೆಂಟು ನಿಮಿಷವಾದ ಮೇಲೆ ಕೈ ಆಡಿಸಿ ಹೊರಗೆ ಬಿಡುತ್ತೇನೆ. ಆ ಮೂವತ್ತು ಬೆಟ್ಟಗಳಲ್ಲಿ ಅರ್ಧದಷ್ಟು ಫೆರಿಯ ಮೇಲಿಂದಲೇ ಕಾಣುತ್ತವೆ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ. ನನಗೆ ಆ ನುಣುಪೇ ಸಾಕಾಗಿತ್ತು.

ನನ್ನ ಹೆಂಡತಿ ಗುನ್ವೋರ್ ವೃದ್ಧಾಶ್ರಮದ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾಳೆ. ಶನಿವಾರ, ಭಾನುವಾರ ನನಗೆ ಪಾಳಿ, ಅವಳಿಗೆ ರಜೆ. ಸಂಜೆ ಮನೆಗೆ ಬಂದು "ಏನ್ ಮಾಡ್ದೆ ಇವತ್ತು?" ಎಂದರೆ "ಏನಿಲ್ಲ, ಸ್ವಲ್ಪ ಓಡಾಡಿ ಬಂದೆ" ಎನ್ನುವಳು. ಅಂಗಡಿಯವರೆಗೆ ಹೋಗಿ ಬಂದಿರಬೇಕು ಎಂದುಕೊಳ್ಳುತ್ತಿದ್ದೆ. ಅಂಗಡಿಗೆ ಹೋಗಿ ಬಂದವಳ ಬೂಟಿಗೆ ಅಷ್ಟು ಕೆಸರು ಎಲ್ಲಿಂದ ಎಂದು ಕೇಳುವ ಬುದ್ಧಿಯನ್ನು ದೇವರು ನನಗೆ ಕೊಟ್ಟಿರಲಿಲ್ಲ.

ಆಗಸ್ಟ್‌ನಲ್ಲಿ ಊರ ಸಭಾಭವನಕ್ಕೆ ಬಣ್ಣ ಬಳಿಯುವ ಶ್ರಮದಾನವಿತ್ತು. ಕಾಫಿ ಅಲ್ಲಿ ಕೊಡುತ್ತಾರೆ, ಕಪ್ ನಾವೇ ಒಯ್ಯಬೇಕು. ನನ್ನ ಕಪ್ಪಿನ ಹಿಡಿ ಮುರಿದಿತ್ತು. ಕಪಾಟು ತಡಕಿದೆ. ದೋಸೆಕಾವಲಿಯಂಥ ನಮ್ಮ ವಾಫೆಲ್ ಕಬ್ಬಿಣದ ಹಿಂದೆ, ಹಳೆಯ ಪತ್ರಿಕೆಯಲ್ಲಿ ಸುತ್ತಿದ ಒಂದು ಕಪ್ ಸಿಕ್ಕಿತು. ಯಾರೋ ಉಡುಗೊರೆ ಕೊಟ್ಟಿದ್ದಿರಬೇಕು ಎಂದುಕೊಂಡು ಜೇಬಿಗಿಳಿಸಿದೆ. ಅಂಚು ಕೆಂಪಾಗಿದ್ದುದನ್ನು ಭವನದ ಮೆಟ್ಟಿಲ ಮೇಲೆ ಕಾಫಿ ಬಗ್ಗಿಸಿಕೊಂಡಾಗಲೇ ನೋಡಿದ್ದು. ಸಿಗ್‌ವಾಲ್ಡ್ ಮೇಷ್ಟ್ರು ನನಗಿಂತ ಮೊದಲು ನೋಡಿದ್ದರು.

"ಓಹೋ ತೋರ್ಲೈವ್," ಎಂದರು. ಅಷ್ಟೇ. ನಮ್ಮಲ್ಲಿ ಅದು ಶಾಲು ಹೊದಿಸಿ ಹಾರ ಹಾಕಿದ್ದಕ್ಕೆ ಸಮ.

ಬಣ್ಣ ಬಳಿಯುತ್ತಿದ್ದವರ ಕೈಗಳೆಲ್ಲ ನಿಂತವು. ಆಗಲೇ ನಿಜ ಹೇಳಿಬಿಡಬಹುದಿತ್ತು. ಆದರೆ ಓದುಗ ಮಹಾಶಯರೇ, ಇಪ್ಪತ್ತಾರು ವರ್ಷ ಬರೀ ಕೈ ಆಡಿಸಿದ ಮನುಷ್ಯನನ್ನು ಹನ್ನೆರಡು ಜನ ಒಟ್ಟಿಗೆ ಗೌರವದಿಂದ ನೋಡಿದರೆ ಏನಾಗುತ್ತದೆಂದು ನಿಮಗೆ ತಿಳಿಯದು. ನಾನು ಏನೂ ಸುಳ್ಳು ಹೇಳಲಿಲ್ಲ. ಎದುರಿಗೆ ಕಾಣುತ್ತಿದ್ದ ಗ್ರೋಹೆಸ್ಟ್ ಬೆಟ್ಟದ ಕಡೆ ನೋಡಿ ಒಂದು ಉದ್ದನೆಯ ನಿಟ್ಟುಸಿರು ಬಿಟ್ಟೆ, ಅಷ್ಟೆ. ನನ್ನ ಪಾಪವೆಲ್ಲ ಆ ನಿಟ್ಟುಸಿರಿನಲ್ಲೇ ಇದೆ.

ಹತ್ತು ದಿನವಾದ ಮೇಲೆ ರಾಂಗ್ನ್‌ಫ್ರಿಡ್ ಬೇಕರಿಯ ಮೆಟ್ಟಿಲು ಇಳಿಯುವಾಗ ಕಾಲು ಮುರಿದುಕೊಂಡಳು. ಮೂವತ್ತು ಬೆಟ್ಟ ಹತ್ತಿಳಿದವಳಿಗೆ ಮೂರು ಮೆಟ್ಟಿಲು ಮೋಸ ಮಾಡಿದವು. ಸೆಪ್ಟೆಂಬರ್‌ನಲ್ಲಿ ಮಹಿಳಾ ತಂಡದ ಗ್ರೋಹೆಸ್ಟ್ ಚಾರಣ ನಿಗದಿಯಾಗಿತ್ತು. ಈಗ ಮುಂದೆ ನಿಂತು ನಡೆಸುವವರಿಲ್ಲ. ಒಂದು ಸಂಜೆ ತಂಡದ ಕಾರ್ಯದರ್ಶಿ ಹಾಲ್‌ದಿಸ್ ನಮ್ಮ ಮನೆಗೆ ಬಂದಳು. ಇವಳ ಗಂಡ ಎಂಡ್ರೆಯೇ ನಮ್ಮ ಫೆರಿಯ ಕ್ಯಾಪ್ಟನ್. ಗುನ್ವೋರ್ ಆಲೂಗಡ್ಡೆ ಸುಲಿಯುತ್ತಿದ್ದಳು.

"ತೋರ್ಲೈವ್, ನೀನೇ ನಮ್ಮನ್ನ ಕರ್ಕೊಂಡು ಹೋಗ್ಬೇಕು," ಎಂದಳು ಹಾಲ್‌ದಿಸ್.

ನಾನು ಅಗಿಯುತ್ತಿದ್ದ ಒಣಮೀನಿನ ಮುಳ್ಳು ಗಂಟಲಿಗಿಳಿಯಿತು. "ಹೆಂಗಸರ ತಂಡಕ್ಕೆ ಗಂಡಸು ಯಾಕೆ?"

"ನಮಗೇನು ಆಸೆಯಾ? ಕೆಂಪು ಅಂಚಿನ ಕಪ್ ಇರೋ ಹೆಂಗಸರು ಊರಲ್ಲಿ ಇನ್ಯಾರೂ ಇಲ್ವಲ್ಲ, ಏನ್ ಮಾಡೋದು."

ಗುನ್ವೋರಳ ಚಾಕು ಒಂದು ಗಳಿಗೆ ನಿಂತು ಮತ್ತೆ ನಡೆಯಿತು. ಇಲ್ಲಿಗೆ ನೀವೆಲ್ಲ ಊಹಿಸಿರುತ್ತೀರಿ. ನಾನು ಊಹಿಸಲಿಲ್ಲ.

"ಹಾಲ್‌ದಿಸ್, ನಿಜ ಹೇಳ್ತೀನಿ ಕೇಳು. ನಾನು ಒಂದು ಬೆಟ್ಟಾನೂ ಹತ್ತಿಲ್ಲ," ಎಂದೆ.

ಅವಳ ಕಣ್ಣು ತುಂಬಿ ಬಂತು. "ನೋಡು ಗುನ್ವೋರ್, ಹತ್ತಿದವರು ಮಾತಾಡೋ ರೀತಿ ಇದು. ನಮ್ಮ ಎಂಡ್ರೆ ಬಿಳಿ ಕಪ್ಪಿಗೇ ಎರಡು ದಿನ ಶಿಳ್ಳೆ ಹೊಡ್ಕೊಂಡು ಓಡಾಡಿದ್ದ."

"ಇಲ್ಲ ಮಾರಾಯ್ತಿ, ನಂಗೆ ಏನೂ ಬರಲ್ಲ. ಮೆಟ್ಟಿಲು ಹತ್ತಿದ್ರೇ ಏದುಸಿರು ಬರುತ್ತೆ."

"ಸಾಕು, ಇನ್ನೂ ಹೊಗಳ್ಕೋಬೇಡ," ಎಂದು ಎದ್ದಳು. ನಮ್ಮೂರಲ್ಲಿ ಇಲ್ಲ ಎಂದರೆ ಹೌದು, ಏನೂ ಬರುವುದಿಲ್ಲ ಎಂದರೆ ಎಲ್ಲ ಬರುತ್ತದೆ ಎಂದೇ ಲೆಕ್ಕ. ನಾನು ಬಾಯಿ ಬಿಟ್ಟಷ್ಟೂ ದೊಡ್ಡವನಾಗುತ್ತ ಹೋದೆ. ಅವಳು ಹೋದ ಮೇಲೆ ಗುನ್ವೋರ್ ಮೆಲ್ಲಗೆ ಹೇಳಿದಳು: "ಆ ಕೆಲಸಕ್ಕೆ ನಾನೂ ಚೀಟಿ ಬರೆದುಕೊಟ್ಟಿದ್ದೆ."

"ಏನಂತ ಬರೆದಿದ್ದೆ?"

"ಬೇರೆ ಯಾರೂ ಸಿಗದಿದ್ರೆ ನಾನೂ ಪ್ರಯತ್ನ ಮಾಡಬಹುದೇನೋ, ಅಂತ."

ಅವಳ ಮುಖ ಸಪ್ಪಗಾಗಿತ್ತು. ಅವಳಿಗೆ ಅದು ಬೇಕಾಗಿತ್ತು ಎಂಬಷ್ಟು ನನ್ನಂಥ ದಡ್ಡನಿಗೂ ತಿಳಿಯಿತು. ಕೈಯಲ್ಲಿ ಕಪ್ ಇಲ್ಲದವರ ವಿನಯಕ್ಕೆ ನಮ್ಮೂರಲ್ಲೂ ಬೆಲೆಯಿಲ್ಲ ಎಂಬುದು ಮಾತ್ರ ಆಗ ಹೊಳೆಯಲಿಲ್ಲ. "ಅಂಗಡಿವರೆಗೂ ಓಡಾಡೋದು ಬೇರೆ, ಗ್ರೋಹೆಸ್ಟ್ ಬೇರೆ ಕಣೇ," ಎಂದು ಸಮಾಧಾನ ಹೇಳಿದೆ. ಆ ರಾತ್ರಿಯ ಆಲೂಗಡ್ಡೆಗೆ ಉಪ್ಪಿರಲಿಲ್ಲ.

ರಜೆ ಸಿಗದಿದ್ದರೆ ಬಚಾವಾದೇನು ಎಂದು ಎಂಡ್ರೆ ಕ್ಯಾಪ್ಟನ್ನನ ಬಳಿ ಹೋದೆ. "ರಜೆ ಕೊಡೋದು ಕಷ್ಟ ಅಲ್ವಾ?" ಎಂದು ಕೇಳಿದೆ. "ಕೊಟ್ಟಾಯ್ತು," ಎಂದ. ಸಿಗ್‌ವಾಲ್ಡ್ ಮೇಷ್ಟ್ರ ಬಳಿ ಹೋಗಿ ತಪ್ಪೊಪ್ಪಿಕೊಂಡೆ. ಅವರು ನನ್ನ ಭುಜ ತಟ್ಟಿ, "ಮೂವತ್ತು ಹತ್ತಿದ ಮೇಲೆ ನನಗೂ ಹಾಗೇ ಅನ್ನಿಸ್ತಿತ್ತು ಕಣಯ್ಯಾ, ಒಂದೂ ಹತ್ತಿಲ್ವೇನೋ ಅಂತ," ಎಂದರು. ಉಗುಳುವಂತಿಲ್ಲ, ನುಂಗುವಂತಿಲ್ಲ.

ಚಾರಣಕ್ಕೆ ಮೂರು ದಿನ ಮುಂಚೆ ಸಭಾಭವನದಲ್ಲಿ ಬಟ್ಟೆಬರೆ, ಸುರಕ್ಷತೆ ಕುರಿತು ನನ್ನ ಉಪನ್ಯಾಸ. ಹನ್ನೊಂದು ಜನ ಹೆಂಗಸರು ಎದುರಿಗೆ ಪುಸ್ತಕ, ಪೆನ್ನು ಹಿಡಿದು ಕೂತಿದ್ದರು. ಗುನ್ವೋರ್ ಹಿಂದೆ ಮೂಲೆಯಲ್ಲಿ ಹನ್ನೆರಡನೆಯವಳಾಗಿ ಕೂತು ಹೆಣಿಗೆ ಹಾಕುತ್ತಿದ್ದಳು.

"ಮೊದಲನೇದಾಗಿ," ಎಂದೆ, "ನಂಗೆ ಏನೂ ಗೊತ್ತಿಲ್ಲ."

ಹನ್ನೊಂದು ಪೆನ್ನುಗಳು ಓಡಿದವು. ಹಾಲ್‌ದಿಸ್ ಬರೆದುಕೊಂಡಿದ್ದನ್ನು ಇಣುಕಿ ನೋಡಿದೆ: "ಬೆಟ್ಟದ ಮುಂದೆ ನಮಗೆ ಏನೂ ಗೊತ್ತಿಲ್ಲ. ಇದೇ ಮೊದಲ ಪಾಠ."

"ಒಳಗೆ ಎಂಥ ಬಟ್ಟೆ ಹಾಕ್ಬೇಕು?" ಒಬ್ಬಳು ಕೇಳಿದಳು.

ಫೆರಿಯಲ್ಲಿ ನನಗೆ ಗೊತ್ತಿದ್ದುದು ಒಂದೇ. "ಲೈಫ್ ಜಾಕೆಟ್," ಎಂದೆ.

ಭವನವೆಲ್ಲ ನಕ್ಕಿತು. ಎಷ್ಟು ಹತ್ತಿದರೂ ಮನುಷ್ಯನಿಗೆ ತಮಾಷೆ ಹೋಗಿಲ್ಲ ಎಂದು ಮೆಚ್ಚಿಕೊಂಡರು. ಆಗ ಮೂಲೆಯಿಂದ ಗುನ್ವೋರ್, ಹೆಣಿಗೆಯಿಂದ ತಲೆಯೆತ್ತದೆ, "ಉಣ್ಣೆಯದು. ಹತ್ತಿ ಬಟ್ಟೆ ಬೆವರು ಕುಡಿದು ಮೈ ತಣ್ಣಗೆ ಮಾಡುತ್ತೆ. ಚೀಲದ ಭಾರ ಹೆಗಲ ಮೇಲಲ್ಲ, ಸೊಂಟದ ಪಟ್ಟಿ ಮೇಲೆ ಕೂರಬೇಕು. ಅಂಗಡೀಲಿ ಗಂಡಸರ ಅಳತೆ ಚೀಲ ಕೊಟ್ರೆ ತಗೋಬೇಡಿ," ಎಂದಳು. ಹಾಲ್‌ದಿಸ್ ಹಿಂದಿರುಗಿ, "ನೋಡಿದ್ರಾ, ಮನೇಲಿ ಹೇಳಿಕೊಟ್ಟಿದಾನೆ," ಎಂದಳು. ಎಲ್ಲರೂ ನನ್ನನ್ನು ನೋಡಿ ತಲೆದೂಗಿದರು.

ಕೊನೆಗೆ ಎಪ್ಪತ್ತು ದಾಟಿದ ಬೋರ್ಗ್‌ಹಿಲ್ಡಮ್ಮ ಎದ್ದುನಿಂತರು. "ಬೋಳು ಬೆಟ್ಟ, ಮರ ಇಲ್ಲ ಮಟ್ಟಿ ಇಲ್ಲ. ನಡುವೆ ಹೆಂಗಸರಿಗೆ ಬಯಲಿಗೆ ಹೋಗ್ಬೇಕು ಅನ್ನಿಸಿದ್ರೆ?"

ನನ್ನ ಕಿವಿ ಬಿಸಿಯಾಯಿತು. ಆದರೂ ಫೆರಿಯ ಅಂಚಿನಲ್ಲಿ ನಿಂತು ಕಲಿತ ಒಂದು ಕಹಿ ಪಾಠ ನೆನಪಾಗಿ, "ಮೊದ್ಲು ಗಾಳಿ ಯಾವ ಕಡೆಯಿಂದ ಬೀಸ್ತಿದೆ ನೋಡ್ಕೊಳ್ಳಿ," ಎಂದೆ.

"ಇದು ಅನುಭವಸ್ಥನ ಮಾತು," ಎಂದು ಬೋರ್ಗ್‌ಹಿಲ್ಡಮ್ಮ ಅಡಿಗೆರೆ ಹಾಕಿ ಬರೆದುಕೊಂಡರು. ಆ ಸಂಜೆ ನಾನು ಹೇಳಿದ ಸತ್ಯಗಳಲ್ಲಿ ಅವರಿಗೆ ಇದ್ದ ಹಾಗೇ ಅರ್ಥವಾದದ್ದು ಅದೊಂದೇ.

ಭಾನುವಾರ ಬೆಳಿಗ್ಗೆ ಹೊಸ ಬೂಟು ಹಾಕಿಕೊಂಡು, ಫೆರಿಯ ಕಿತ್ತಳೆ ಬಣ್ಣದ ಮಿನುಗುವ ಕವಚ ತೊಟ್ಟು ಮುಂದೆ ನಿಂತೆ. ಹೊಸ ಬೂಟಿನಲ್ಲಿ ಬೆಟ್ಟ ಹತ್ತಬಾರದು ಎಂಬುದು ನಮ್ಮೂರಿನ ಕೂಸಿಗೂ ಗೊತ್ತು. ಗೊತ್ತಿದ್ದೂ ಹಾಕಿದ್ದಾನೆಂದರೆ ಅದರಲ್ಲಿ ಏನೋ ಗುಟ್ಟಿರಬೇಕು ಎಂದು ಹಿಂದೆ ಪಿಸುಗುಟ್ಟುವುದು ಕೇಳಿಸಿತು. ಕಾಲುಗಂಟೆಯಲ್ಲಿ ಎರಡು ಹಿಮ್ಮಡಿಯಲ್ಲೂ ಗುಳ್ಳೆ ಎದ್ದವು. ಗುನ್ವೋರ್ ನನ್ನ ಜೇಬಿನಿಂದ ಒಂದು ಅಂಟುಪಟ್ಟಿ ತೆಗೆದುಕೊಟ್ಟಳು. ಹಿಂದಿನ ದಿನವೇ ಇಟ್ಟಿದ್ದಳಂತೆ.

ಗ್ರೋಹೆಸ್ಟ್‌ನ ದಾರಿಯುದ್ದಕ್ಕೂ ಕಲ್ಲುಗಳ ಮೇಲೆ ಕೆಂಪು ಬಣ್ಣದ ಗುರುತು ಇರುತ್ತದೆ. ಅದನ್ನು ಹಿಡಿದು ಹೋದರೆ ಕುರುಡನೂ ತುದಿ ಮುಟ್ಟಿಯಾನು. ಎರಡು ಗಂಟೆ ಹಾಗೇ ಹೋದೆವು. ಕಿತ್ತಳೆ ಸುಲಿದು ತಿಂದೆವು. ಬೋರ್ಗ್‌ಹಿಲ್ಡಮ್ಮ ಗಾಳಿ ನೋಡಿಕೊಂಡು ಹೋಗಿ ಬಂದು ನನಗೆ ಧನ್ಯವಾದ ಹೇಳಿದರು. ದಾರಿ ಕವಲೊಡೆಯುವ ಕಡೆ ಎಲ್ಲರೂ ಗುರುತು ಹುಡುಕುವ ಬದಲು ನಿಂತು ನನ್ನ ಮುಖ ನೋಡಿದರು. ಇಪ್ಪತ್ತಾರು ವರ್ಷದ ಅಭ್ಯಾಸ, ನನ್ನ ಕೈ ತಾನಾಗಿಯೇ ಮೇಲೆದ್ದು ಎಡಕ್ಕೆ ಆಡಿತು. ಹನ್ನೆರಡು ಹೆಂಗಸರೂ ಕಾರುಗಳ ಹಾಗೆ ಸಾಲಾಗಿ ಎಡಕ್ಕೆ ತಿರುಗಿದರು. ಕೊನೆಯಲ್ಲಿದ್ದ ಗುನ್ವೋರ್ ಏನೋ ಹೇಳಲು ಬಾಯಿ ತೆರೆದು ಸುಮ್ಮನಾದಳು. ಮುಂದೆ ನಿಂತವನನ್ನು ಹಿಂದಿನಿಂದ ತಿದ್ದುವುದು ನಮ್ಮಲ್ಲಿ ಜಂಬದ ಇನ್ನೊಂದು ರೂಪ.

ಅರ್ಧ ಗಂಟೆಯಲ್ಲಿ ಮಂಜು ಇಳಿಯಿತು. ಕೆಂಪು ಗುರುತು ಎಲ್ಲೂ ಇಲ್ಲ. ಕಾಲ ಕೆಳಗಿದ್ದುದು ಕುರಿಗಳು ತುಳಿದ ಜಾಡು. ನಿಂತು ಹಾಲ್‌ದಿಸ್‌ಳಿಗೆ ಹೇಳಿದೆ: "ನಂಗೆ ದಾರಿ ಗೊತ್ತಿಲ್ಲ."

ಹಾಲ್‌ದಿಸ್ ಹಿಂದಿರುಗಿ ಕೂಗಿದಳು. "ದಾರಿ ಗೊತ್ತಿಲ್ಲ ಅಂತಿದಾನೆ. ಅಂದ್ರೆ ತುದಿ ಹತ್ತಿರಾನೇ ಬಂತು, ನಡೀರಿ."

"ಹಾಲ್‌ದಿಸ್, ನಾವು ದಾರಿ ತಪ್ಪಿಸ್ಕೊಂಡಿದೀವಿ."

"ತಮಾಷೆ ಸಾಕು, ಚಳಿ ಆಗ್ತಿದೆ," ಎಂದು ಅವಳು ನನ್ನನ್ನು ದಾಟಿ ಮುಂದೆ ಹೆಜ್ಜೆ ಇಟ್ಟಳು.

ಆಗ ಹಿಂದಿನಿಂದ ಸೀಟಿಯ ಸದ್ದು ಬಂತು. ಗುನ್ವೋರ್ ಬಾಯಿಂದ ಸೀಟಿ ತೆಗೆದು, "ಎಲ್ರೂ ನಿಂತ್ಕೊಳ್ಳಿ. ಹಾಲ್‌ದಿಸ್, ಅಲ್ಲೇ ಇರು. ಅಲ್ಲಾಡಬೇಡ," ಎಂದಳು. ಮುಂದೆ ಬಂದು ಒಂದು ಕಲ್ಲೆತ್ತಿ ಮಂಜಿನೊಳಗೆ ಎಸೆದಳು. ನಾವು ಕಿವಿಗೊಟ್ಟು ನಿಂತೆವು. ಸದ್ದು ಬರಲಿಲ್ಲ. ಬರಲಿಲ್ಲ. ಆಮೇಲೆ ಎಲ್ಲೋ ಕೆಳಗೆ, ಬಹಳ ಕೆಳಗೆ, ಟಕ್ ಎಂದಿತು.

"ಹತ್ತು ಹೆಜ್ಜೆ ಆಚೆ ನೆಲ ಮುಗಿಯುತ್ತೆ," ಎಂದಳು ಗುನ್ವೋರ್. "ಕುರಿಗಳು ಇಲ್ಲಿವರೆಗೂ ಬಂದು ವಾಪಸ್ ಹೋಗ್ತವೆ."

"ನಿಂಗೆ ಹೇಗೆ ಗೊತ್ತು?" ಹಾಲ್‌ದಿಸ್‌ಳ ಸ್ವರ ಸಣ್ಣದಾಗಿತ್ತು.

ಗುನ್ವೋರ್ ಸೀಟಿಯನ್ನು ಜೇಬಿಗಿಳಿಸಿದಳು. ಐವತ್ತೆಂಟು ವರ್ಷ ಒಮ್ಮೆಯೂ ಹೇಳದ ಮಾತನ್ನು ಹೇಳಬೇಕಾಗಿತ್ತು. ಆ ಮಂಜಿನಲ್ಲೂ ಅವಳ ಕೆನ್ನೆ ಕೆಂಪಾದದ್ದು ಕಂಡಿತು. "ಈ ಬೆಟ್ಟಕ್ಕೆ ಏಳು ಸಲ ಬಂದಿದೀನಿ. ಮೂವತ್ತನ್ನೂ ಹತ್ತಿದೀನಿ. ಒಬ್ಬಳೇ ಹತ್ತಿದೀನಿ. ನನಗೆ ಚೆನ್ನಾಗಿ ಬರುತ್ತೆ. ಆ ಕಪ್ ನಂದು."

ಲಾಂಗ್‌ವಿಕ್‌ನ ಹೆಂಗಸೊಬ್ಬಳು ನನಗೆ ಚೆನ್ನಾಗಿ ಬರುತ್ತದೆ ಎಂದು ನಾಲ್ಕು ಜನರ ಎದುರು ಹೇಳಿದ್ದನ್ನು ಅಲ್ಲಿದ್ದವರು ಯಾರೂ ಹಿಂದೆ ಕೇಳಿರಲಿಲ್ಲ. ಬೋರ್ಗ್‌ಹಿಲ್ಡಮ್ಮ ಮೊದಲು ಬಾಯಿ ಬಿಟ್ಟರು. "ಮತ್ತೆ ಇವನು ಯಾರು?" ಎಂದು ನನ್ನ ಕಡೆ ಕೈ ತೋರಿಸಿದರು.

"ನನ್ನ ಗಂಡ. ಕಪ್ ಕದ್ದವನು. ಮಿಕ್ಕಿದ್ದನ್ನೆಲ್ಲ ನಿಮಗೆ ಸರಿಯಾಗೇ ಹೇಳಿದಾನೆ, ನೀವೇ ನಂಬ್ಲಿಲ್ಲ."

ಆಮೇಲೆ ಅವಳು ಕೆಲಸ ಶುರು ಮಾಡಿದಳು. ಎಲ್ಲರಿಗೂ ಇನ್ನೊಂದು ಉಣ್ಣೆಯ ಅಂಗಿ ಹಾಕಿಸಿದಳು. ಗಾಳಿ ತಡೆಯುವ ದೊಡ್ಡ ಚೀಲ ಬಿಡಿಸಿ, ನಡುಗುತ್ತಿದ್ದ ಬೋರ್ಗ್‌ಹಿಲ್ಡಮ್ಮನನ್ನೂ ಇನ್ನಿಬ್ಬರನ್ನೂ ಒಳಗೆ ಕೂರಿಸಿ ಬಿಸಿ ಕಾಫಿ ಕುಡಿಸಿದಳು. ನಕ್ಷೆ ಮೊಣಕಾಲ ಮೇಲೆ ಹರಡಿ ದಿಕ್ಸೂಚಿ ಇಟ್ಟಳು. ಒಬ್ಬರ ಚೀಲದ ಪಟ್ಟಿ ಇನ್ನೊಬ್ಬರು ಹಿಡಿಯಬೇಕು, ಹತ್ತು ಹೆಜ್ಜೆಗೊಮ್ಮೆ ಹೆಸರು ಕೂಗಬೇಕು ಎಂದಳು. ನಲವತ್ತು ನಿಮಿಷದಲ್ಲಿ ನಮ್ಮನ್ನು ಕೆಂಪು ಗುರುತಿನ ಕಲ್ಲಿಗೆ ತಂದು ನಿಲ್ಲಿಸಿದಳು.

"ತುದಿ ಇಲ್ಲಿಂದ ಇನ್ನೂರು ಮೀಟರ್ ಅಷ್ಟೇ ಅಲ್ವಾ," ಎಂದಳು ಹಾಲ್‌ದಿಸ್ ಆಸೆಯಿಂದ.

"ಹೌದು. ಅದು ಎಲ್ಲಿಗೂ ಓಡಿಹೋಗಲ್ಲ. ಇವತ್ತು ವಾಪಸ್," ಎಂದಳು ಗುನ್ವೋರ್. ಒಬ್ಬರೂ ಎದುರಾಡಲಿಲ್ಲ. ತುದಿಯನ್ನು ಅಷ್ಟು ಹತ್ತಿರದಲ್ಲಿ ಬಿಟ್ಟು ಬೆನ್ನು ತಿರುಗಿಸುವುದು ಏಳು ಸಲ ಹತ್ತಿದವಳಿಗೆ ಮಾತ್ರ ಬರುವ ವಿದ್ಯೆ. ಮೂವತ್ತೊಂದು ವರ್ಷ ಅವಳ ಜೊತೆ ಸಂಸಾರ ಮಾಡಿದ್ದೇನೆ. ಸಾಲಿನ ಕೊನೆಯಲ್ಲಿ ಕುಂಟುತ್ತಾ, ಮಂಜಿನಲ್ಲಿ ಅವಳ ಸ್ವರ ಹಿಡಿದು ಇಳಿಯುವಾಗ ನನಗಾದ ಹೆಮ್ಮೆ ಮದುವೆಯ ದಿನವೂ ಆಗಿರಲಿಲ್ಲ.

ಕೆಳಗೆ ಕಾರಿನ ಹತ್ತಿರ ಬೂಟು ಬಿಚ್ಚುತ್ತಾ ಕೇಳಿದೆ: "ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ? ಸ್ವಲ್ಪ ಓಡಾಡಿ ಬಂದೆ ಅಂತಿದ್ಯಲ್ಲ."

"ಓಡಾಡೇ ಬಂದಿದ್ದು. ಹಾರಿಕೊಂಡು ಹೋಗಿರ್ಲಿಲ್ಲ."

"ನನ್ನನ್ನ ಮೊದಲೇ ಹಿಡಿದು ನಿಲ್ಲಿಸಬಹುದಿತ್ತು."

"ನೀನೇ ಕೇಳ್ತೀಯ ಅಂತ ಕಾದೆ," ಎಂದಳು. "ಯಾರೂ ಕೇಳ್ಲಿಲ್ಲ." ಅದನ್ನು ಅವಳು ಕೋಪದಿಂದ ಹೇಳಿರಲಿಲ್ಲ, ಅದಕ್ಕೇ ನನಗೆ ಹೆಚ್ಚು ಚುಚ್ಚಿತು. ಆವತ್ತೇ ತೀರ್ಮಾನಿಸಿದೆ, ಇನ್ನು ಯಾರೂ ಕೇಳಬೇಕಾಗಿಲ್ಲ, ನಾನೇ ಹೇಳುತ್ತೇನೆ ಎಂದು.

ಫೆರಿ ಇದಕ್ಕೆ ಹೇಳಿ ಮಾಡಿಸಿದ ಜಾಗ. ಹದಿನೆಂಟು ನಿಮಿಷ ಯಾರೂ ಎಲ್ಲಿಗೂ ಓಡಿಹೋಗುವಂತಿಲ್ಲ. ಸೋಮವಾರದಿಂದ ಕಾರಿನ ಕಿಟಕಿ ತಟ್ಟಿ ಹೇಳತೊಡಗಿದೆ: "ನನ್ನ ಹೆಂಡತಿ ಮೂವತ್ತು ಬೆಟ್ಟ ಹತ್ತಿದಾಳೆ." ಜರ್ಮನ್ ಪ್ರವಾಸಿಗಳು ಟಿಕೆಟ್ ಕೇಳುತ್ತಿದ್ದಾನೆಂದು ತಿಳಿದು ಕಾರ್ಡ್ ಚಾಚಿದರು. ನಮ್ಮವರು ಕಿಟಕಿ ಏರಿಸಿಕೊಂಡರು. ಪಾದ್ರಿಗಳು ಇಳಿದು ಬಂದು, ಮನೆಯಲ್ಲಿ ಎಲ್ಲ ಸರಿಯಾಗಿದೆಯೇ ಎಂದು ಮೆಲ್ಲಗೆ ವಿಚಾರಿಸಿದರು. "ಸರಿಯಾಗಿದೆ, ಮೂವತ್ತು ಹತ್ತಿದಾಳೆ," ಎಂದೆ.

ಮುಂದಿನ ಭಾನುವಾರ ಆಕಾಶ ತೊಳೆದಿಟ್ಟಂತಿತ್ತು. ಬೆಳಿಗ್ಗೆ ಆರಕ್ಕೇ ಗುನ್ವೋರ್ ಹನ್ನೊಂದು ಹೆಂಗಸರನ್ನು ಕರೆದುಕೊಂಡು ಮತ್ತೆ ಗ್ರೋಹೆಸ್ಟ್‌ಗೆ ಹೋಗಿದ್ದಳು. ಈ ಸಲ ಚೀಟಿ ಬರೆಯಲಿಲ್ಲ, ನಾನೇ ಕರ್ಕೊಂಡು ಹೋಗ್ತೀನಿ ಎಂದು ಫೋನಿನಲ್ಲಿ ಹೇಳಿದ್ದಳು. ನನಗೆ ಪಾಳಿ. ಮಧ್ಯಾಹ್ನದ ಸುತ್ತಿನಲ್ಲಿ ಎಂಡ್ರೆ ಕ್ಯಾಪ್ಟನ್ ಮೇಲಿನ ಚಾಲನಾ ಕೋಣೆಗೆ ಕರೆಸಿದ. ಇಪ್ಪತ್ತು ವರ್ಷದಲ್ಲಿ ಅವನು ನನ್ನನ್ನು ಮೇಲೆ ಕರೆಸಿದ್ದು ಅದೇ ಮೊದಲು.

"ದೂರು ಬಂದಿದೆ," ಎಂದು ಒಂದು ಕಾಗದ ತೋರಿಸಿದ. "ಒಂದಲ್ಲ, ನಾಲ್ಕು. ಸಿಬ್ಬಂದಿ ಪ್ರಯಾಣಿಕರ ಮುಂದೆ ಜಂಬ ಕೊಚ್ತಾನೆ, ಅಂತ."

"ಬೇಕಿದ್ರೆ ಕೆಲಸದಿಂದ ತೆಗಿ. ನಿಲ್ಸೋದಿಲ್ಲ," ಎಂದೆ.

ಎಂಡ್ರೆ ಕಣ್ಣಿಗೆ ದುರ್ಬೀನು ಹಿಡಿದು ಗ್ರೋಹೆಸ್ಟ್ ಕಡೆ ನೋಡುತ್ತಾ ನಿಂತ. ಆಮೇಲೆ ಅದನ್ನು ನನ್ನ ಕೈಗೆ ಕೊಟ್ಟ. ತುದಿಯಲ್ಲಿ ಇರುವೆ ಗಾತ್ರದ ಬಣ್ಣಬಣ್ಣದ ಚುಕ್ಕೆಗಳು ಅಲುಗಾಡುತ್ತಿದ್ದವು. ಎಣಿಸಿದೆ. ಹನ್ನೆರಡೂ ಇದ್ದವು.

ಎಂಡ್ರೆ ಗಂಟಲು ಸರಿಪಡಿಸಿಕೊಂಡು ಧ್ವನಿವರ್ಧಕದ ಗುಂಡಿ ಒತ್ತಿದ. ಇಪ್ಪತ್ತು ವರ್ಷದಿಂದ ಅದರಲ್ಲಿ ಚಾಲಕರು ತಮ್ಮ ವಾಹನಗಳಿಗೆ ಮರಳಬೇಕು ಎಂಬ ಒಂದೇ ವಾಕ್ಯ ಹೇಳಿದವನು ಅವನು.

"ಎಡಗಡೆ ಕಾಣ್ತಿರೋದು ಗ್ರೋಹೆಸ್ಟ್," ಎಂದ. "ಅದರ ತುದೀಲಿ ಈಗ ಹನ್ನೆರಡು ಜನ ಹೆಂಗಸರಿದಾರೆ. ಅದರಲ್ಲಿ ಒಬ್ಬಳು ನನ್ನ ಹೆಂಡತಿ." ಕೆಂಪಗಾಗಿ, "ಚಾಲಕರು ತಮ್ಮ ವಾಹನಗಳಿಗೆ ಮರಳಬೇಕು," ಎಂದು ಸೇರಿಸಿ ಗುಂಡಿ ಬಿಟ್ಟ.

ಅವರನ್ನು ಅಲ್ಲಿಗೆ ಕರೆದುಕೊಂಡು ಹೋದವಳು ಯಾರೆಂಬುದನ್ನು ಅವನು ಹೇಳಲಿಲ್ಲ. ನಾನು ಮೆಟ್ಟಿಲಿಳಿದು ಹೋಗಿ ಮೊದಲನೇ ಕಾರಿನ ಕಿಟಕಿ ತಟ್ಟಿದೆ.